‘ಆತನಿಂದ’ ಮತ್ತು ‘ಆತನ ಮೂಲಕ’

ಪ್ರಶ್ನೆ: ನಮ್ಮ ಬಡಾವಣೆಗೆ ಹೊಸದಾಗಿ ಬಂದಿರುವ ಸ್ನೇಹಿತರೊಬ್ಬರು ತಮ್ಮನ್ನು ‘ಯೂನಿಟೇರಿಯನ್ ಕ್ರೈಸ್ತ’ ಎಂದು ಹೇಳಿಕೊಳ್ಳುತ್ತಾರೆ. ಯೇಸುವನ್ನು ಕರ್ತನೆಂದು ಕರೆಯುತ್ತಾರೆ, ಆತನ ಪುನರುತ್ಥಾನವನ್ನು ನಂಬುತ್ತಾರೆ, ಬೈಬಲನ್ನು ನಮಗಿಂತ ಹೆಚ್ಚಾಗಿಯೇ ಓದುತ್ತಾರೆ. ಆದರೆ ಲೋಕವನ್ನು ಸೃಷ್ಟಿಸಿದ್ದು ತಂದೆಯಾದ ದೇವರೊಬ್ಬನೇ, ಯೇಸು ಸೃಷ್ಟಿಕರ್ತನಲ್ಲ ಎನ್ನುತ್ತಾರೆ. ಸಮಸ್ತವೂ ಆತನ ಮೂಲಕ ಉಂಟಾಯಿತು ಎನ್ನುವ ಯೋಹಾನ 1:3ನ್ನೂ ಅಂಥದೇ ಮಾತಿರುವ ಕೊಲೊಸ್ಸೆಯವರಿಗೆ 1:16ನ್ನೂ ನಾನು ತೆಗೆದು ತೋರಿಸಿದೆ. ಅವರು ನಕ್ಕು, ‘ಆತನ ಮೂಲಕ ಎಂದಲ್ಲವೆ ಬರೆದಿರುವುದು’ ಎಂದರು. ನನಗೆ ಮುಂದಿನ ಮಾತು ತೋಚಲಿಲ್ಲ. ಇವರ ವಾದಕ್ಕೆ ಬುಡವಿದೆಯೆ, ಅಥವಾ ಇದು ಬರೀ ಮಾತಿನ ಚಮತ್ಕಾರವೆ?

ಉತ್ತರ: ಬುಡವಿದೆ. ಒಂದಲ್ಲ, ಮೂರಿವೆ. ಗೊಂದಲ ಹುಟ್ಟುವುದೂ ಅಲ್ಲಿಂದಲೇ. ಸೃಷ್ಟಿಯಲ್ಲಿ ಕ್ರಿಸ್ತನ ಪಾತ್ರವೇನು ಎಂಬ ಪ್ರಶ್ನೆಗೆ ಯೂನಿಟೇರಿಯನ್ ಎಂಬ ಒಂದೇ ಸೂರಿನಡಿ ಮೂರು ಉತ್ತರಗಳು ನಾಲ್ಕು ಶತಮಾನಗಳಿಂದ ಜಗಳವಾಡಿಕೊಂಡೇ ಬಾಳುತ್ತಿವೆ. ನಿಮ್ಮ ಸ್ನೇಹಿತರು ಯಾವುದನ್ನು ಹಿಡಿದಿದ್ದಾರೆ ಎಂದು ತಿಳಿಯದೆ ಚರ್ಚೆಗೆ ಇಳಿದರೆ ಒಬ್ಬರಿಗೆ ಕೊಡಬೇಕಾದ ಉತ್ತರವನ್ನು ಇನ್ನೊಬ್ಬರಿಗೆ ಕೊಟ್ಟು ಬರುತ್ತೀರಿ. ನಾನು ಪ್ರತಿ ಭಾನುವಾರ, ಯೇಸುವೂ ದೇವರೇ ಎಂದು ಸಾರುವ ನೈಸಿಯ ವಿಶ್ವಾಸ ಪ್ರಮಾಣವನ್ನು ಗಟ್ಟಿಯಾಗಿ ಹೇಳುವ ಸಭೆಯಲ್ಲಿ ಬೆಳೆದವನು, ಇಂದಿಗೂ ಅಲ್ಲಿಯೇ ಇದ್ದೇನೆ. ಆದರೂ ಸಭೆಯ ಇತಿಹಾಸವನ್ನು ಇಷ್ಟು ವರ್ಷ ಪಾಠ ಹೇಳಿದ ಮೇಲೆ ಈ ಜನರನ್ನು ‘ಬೈಬಲ್ ಓದದವರು’ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವರು ಓದಿದ್ದಾರೆ. ಕೆಲವೊಮ್ಮೆ ಅತಿಯಾಗಿಯೇ ಓದಿದ್ದಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1961ರಲ್ಲಿ ಯೂನಿಟೇರಿಯನ್ನರೂ, ಕೊನೆಗೆ ಎಲ್ಲರಿಗೂ ರಕ್ಷಣೆ ಎನ್ನುವ ಯೂನಿವರ್ಸಲಿಸ್ಟರೂ ಕೂಡಿ ಕಟ್ಟಿದ ಸಂಘದ ಸದಸ್ಯರಲ್ಲಿ ಬಹಳಷ್ಟು ಜನ ತಮ್ಮನ್ನು ಕ್ರೈಸ್ತರೆಂದು ಕರೆದುಕೊಳ್ಳುವುದೇ ಇಲ್ಲ. ನಿಮ್ಮ ಸ್ನೇಹಿತರು ಆ ಗುಂಪಿನವರಂತೆ ಕಾಣುವುದಿಲ್ಲ. ಅವರದು ‘ದೇವರು ಒಬ್ಬನೇ, ಆತನೇ ತಂದೆ, ಯೇಸು ಆತನು ಕಳುಹಿಸಿದ ಮೆಸ್ಸೀಯ’ ಎಂದು ಬೈಬಲಿನಿಂದಲೇ ಹೇಳುವ ಹಳೆಯ ಪಂಥ. ಇಲ್ಲಿ ನಾನು ಮಾತಾಡುವುದು ಆ ಪಂಥದ ಬಗ್ಗೆ ಮಾತ್ರ.

ಮೂರು ಬಣಗಳೂ ಒಪ್ಪುವ ಅಡಿಪಾಯ ಒಂದಿದೆ. ಯೆಶಾಯ 44:24ರಲ್ಲಿ ಯೆಹೋವನು ಆಕಾಶವನ್ನು ಹರಡಿದ್ದು ತಾನೊಬ್ಬನೇ, ಭೂಮಿಯನ್ನು ಹಾಸಿದ್ದು ತಾನಾಗಿಯೇ ಎನ್ನುತ್ತಾನೆ. ಅದಕ್ಕಿಂತ ಅವರಿಗೆ ಮುಖ್ಯವಾದುದು ಯೇಸುವಿನ ಬಾಯಿಂದಲೇ ಬಂದ ಮಾತು. ವಿವಾಹದ ಬಗ್ಗೆ ಫರಿಸಾಯರು ಕೆಣಕಿದಾಗ ಆತನು ‘ಆದಿಯಲ್ಲಿ ಅವರನ್ನು ಉಂಟುಮಾಡಿದವನು ಗಂಡು ಹೆಣ್ಣಾಗಿ ಉಂಟುಮಾಡಿದನು’ ಎಂದು ಮತ್ತಾಯ 19ರಲ್ಲಿ ಹೇಳುತ್ತಾನೆ. ಅಲ್ಲಿ ‘ನಾನು ಉಂಟುಮಾಡಿದೆನು’ ಎಂದಿಲ್ಲ. ಮಾರ್ಕ 13:19ರಲ್ಲಿ ದೇವರು ಉಂಟುಮಾಡಿದ ಸೃಷ್ಟಿ ಎಂದು ಮೂರನೆಯವನ ಬಗ್ಗೆ ಮಾತಾಡುವವನಂತೆಯೇ ಹೇಳುತ್ತಾನೆ. ಅಪೊಸ್ತಲರ ಕೃತ್ಯಗಳು 4ರಲ್ಲಿ ಯೆರೂಸಲೇಮಿನ ವಿಶ್ವಾಸಿಗಳು ಪ್ರಾರ್ಥಿಸುವಾಗ ಆಕಾಶ, ಭೂಮಿ, ಸಮುದ್ರಗಳನ್ನು ಮಾಡಿದ ಒಡೆಯನನ್ನು ಕರೆದು, ಅದೇ ಉಸಿರಿನಲ್ಲಿ ಯೇಸುವನ್ನು ‘ನಿನ್ನ ಪವಿತ್ರ ಸೇವಕ’ ಎನ್ನುತ್ತಾರೆ. ಈ ವಾಕ್ಯಗಳನ್ನು ಬೇರೆ ಯಾವ ವಾಕ್ಯದ ನೆರಳೂ ಬೀಳದಂತೆ ಓದಿದರೆ ಸೃಷ್ಟಿಕರ್ತ ಒಬ್ಬ, ಯೇಸು ಇನ್ನೊಬ್ಬ ಎಂಬ ಅಭಿಪ್ರಾಯವೇ ಬರುತ್ತದೆ. ಇದನ್ನು ಒಪ್ಪಿಕೊಳ್ಳದೆ ವಾದ ಶುರುಮಾಡುವುದು ಸರಿಯಲ್ಲ.

ಇನ್ನು ನಿಮ್ಮನ್ನು ಕಟ್ಟಿಹಾಕಿದ ‘ಮೂಲಕ’ಕ್ಕೆ ಬರೋಣ.

ತರಗತಿಯಲ್ಲಿ ಇದನ್ನು ವಿವರಿಸುವಾಗ ನಾನು ಕರಿಹಲಗೆಯ ಮೇಲೆ ಮೂರು ಸಾಲು ಬರೆಯುತ್ತಿದ್ದೆ: ಮಡಕೆ ಕುಂಬಾರನಿಂದ ಆಯಿತು. ಮಡಕೆ ತಿಗರಿಯಿಂದ ಆಯಿತು. ಮಡಕೆ ಮಣ್ಣಿನಿಂದ ಆಯಿತು. ಮೂರೂ ಒಪ್ಪಾದ ಕನ್ನಡವೇ, ಮೂರರಲ್ಲೂ ಅದೇ ‘ಇಂದ’. ಮಾಡಿದವನು, ಮಾಡಲು ಬಳಸಿದ್ದು, ಮಾಡಲ್ಪಟ್ಟ ವಸ್ತು ಎಲ್ಲವನ್ನೂ ನಮ್ಮ ಒಂದು ವಿಭಕ್ತಿ ಪ್ರತ್ಯಯ ಹೊತ್ತುಕೊಂಡು ಹೋಗುತ್ತದೆ. ಗ್ರೀಕಿನಲ್ಲಿ ಹಾಗಲ್ಲ. ಕುಂಬಾರನಿಗೆ ‘ಹುಪೊ’, ತಿಗರಿಗೆ ‘ದಿಯಾ’, ಮಣ್ಣಿಗೆ ‘ಎಕ್’ ಎಂದು ಬೇರೆ ಬೇರೆ ಪದಗಳಿವೆ. ನಮ್ಮ ದರ್ಶನಗಳನ್ನು ಸ್ವಲ್ಪ ಓದಿದವರಿಗೆ ಈ ವಿಂಗಡಣೆ ಹೊಸದಲ್ಲ. ಕುಂಬಾರ ನಿಮಿತ್ತ ಕಾರಣ, ಮಣ್ಣು ಉಪಾದಾನ ಕಾರಣ, ತಿಗರಿ ಸಹಕಾರಿ ಕಾರಣ ಎಂದು ಉಡುಪಿಯ ಮಠದ ಯಾವ ವಿದ್ಯಾರ್ಥಿಯೂ ಹೇಳಿಯಾನು.

ಯೇಸುವಿನ ಕಾಲದಲ್ಲಿಯೇ ಬದುಕಿದ್ದ ಅಲೆಕ್ಸಾಂಡ್ರಿಯದ ಯೆಹೂದಿ ತತ್ತ್ವಜ್ಞಾನಿ ಫಿಲೋ ಈ ಲೆಕ್ಕವನ್ನೇ ಸೃಷ್ಟಿಗೆ ಹೂಡಿದ. ಒಂದು ಮನೆ ಏಳಬೇಕಾದರೆ ಕಟ್ಟುವವನು ಬೇಕು, ಕಲ್ಲು ಮರ ಬೇಕು, ಉಪಕರಣ ಬೇಕು, ಯಾತಕ್ಕೆ ಎಂಬ ಉದ್ದೇಶವೂ ಬೇಕು. ಜಗತ್ತಿಗೆ ಕಟ್ಟುವವನು ದೇವರು; ಉಪಕರಣ ಆತನ ‘ಲೋಗೊಸ್’, ಅಂದರೆ ವಾಕ್ಯ. ಆ ಉಪಕರಣಕ್ಕೆ ಫಿಲೋ ಇಟ್ಟ ಪದ ‘ದಿಯಾ’. ಯೋಹಾನ 1:3ರಲ್ಲಿ ಇರುವುದೂ ‘ದಿಯಾ’. ಫಿಲೋನನ್ನು ಯೋಹಾನನು ಓದಿದ್ದನೋ ಇಲ್ಲವೋ, ಆ ಪದಕ್ಕೆ ಆ ಕಾಲದ ಕಿವಿಯಲ್ಲಿ ಯಾವ ದನಿಯಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಮೂರನೆಯ ಶತಮಾನದ ಓರಿಗೆನ್‌ನನ್ನು ಯಾರೂ ಯೂನಿಟೇರಿಯನ್ ಎನ್ನಲಾರರು. ಅವನೂ ಯೋಹಾನನ ಸುವಾರ್ತೆಯ ವ್ಯಾಖ್ಯಾನದಲ್ಲಿ ಈ ಸಾಲಿನ ಬಳಿ ನಿಂತು, ಎಲ್ಲವೂ ವಾಕ್ಯದ ಮೂಲಕ ಆಯಿತೆಂದರೆ ವಾಕ್ಯದಿಂದ ಆಗಲಿಲ್ಲ, ವಾಕ್ಯಕ್ಕಿಂತ ಶ್ರೇಷ್ಠನೂ ದೊಡ್ಡವನೂ ಆದವನಿಂದ ಆಯಿತು ಎಂದು ಬರೆದ. ಆದ್ದರಿಂದ ನಿಮ್ಮ ಸ್ನೇಹಿತರ ನಗುವಿಗೆ ಹಳೆಯ ಮನೆತನವಿದೆ.

ಆದರೆ ಅವರು ಬೇಗ ನಕ್ಕರು. ರೋಮಾಪುರದವರಿಗೆ 11:36ರಲ್ಲಿ ಪೌಲನು ದೇವರ ಬಗ್ಗೆಯೇ ‘ಆತನಿಂದ, ಆತನ ಮೂಲಕ, ಆತನಿಗಾಗಿ ಸಮಸ್ತವೂ’ ಎಂದು ಬರೆಯುತ್ತಾನೆ. ಅಲ್ಲಿಯೂ ‘ದಿಯಾ’. ಇಬ್ರಿಯರಿಗೆ 2:10ರಲ್ಲಿ ತಂದೆಗೆ ಎರಡು ಸಲ ಅದೇ ಪದ. ‘ಮೂಲಕ’ ಎಂದ ಮಾತ್ರಕ್ಕೆ ಕೈಕೆಳಗಿನವನು ಎಂದಾಗುವುದಾದರೆ ತಂದೆಯೂ ಯಾರದೋ ಕೈಕೆಳಗೆ ನಿಲ್ಲಬೇಕಾಗುತ್ತದೆ. ನಾಲ್ಕನೆಯ ಶತಮಾನದಲ್ಲಿ ಕೈಸರೈಯದ ಬಿಷಪ್ ಬಸಿಲ್ ಪವಿತ್ರಾತ್ಮನ ಬಗ್ಗೆ ಬರೆದ ಪುಸ್ತಕದ ಮೊದಲ ಅಧ್ಯಾಯಗಳೆಲ್ಲ ಇಂಥ ಪುಟ್ಟ ಪದಗಳ ಮೇಲಿನ ಜಗಳವೇ. ‘ಇಂದ’ ಎಂದರೆ ಒಂದು ಸ್ವಭಾವ, ‘ಮೂಲಕ’ ಎಂದರೆ ಇನ್ನೊಂದು ಸ್ವಭಾವ ಎಂದು ಎದುರಾಳಿಗಳು ಹೂಡಿದ ವಾದವನ್ನು ಅವನು ಉದಾಹರಣೆಯ ಮೇಲೆ ಉದಾಹರಣೆ ಇಟ್ಟು ಮುರಿಯುತ್ತಾನೆ. ನೈಸಿಯ ವಿಶ್ವಾಸ ಪ್ರಮಾಣವನ್ನೇ ನೋಡಿ. 325ರಲ್ಲಿ, ಮಗನೂ ದೇವರ ಒಂದು ಸೃಷ್ಟಿಯೇ ಎಂಬ ಅರಿಯನ ಬೋಧನೆಯನ್ನು ಖಂಡಿಸಲು ಬರೆದ ಆ ಪ್ರಮಾಣದಲ್ಲೂ ಮಗನ ಬಗ್ಗೆ ‘ಆತನ ಮೂಲಕ ಸಮಸ್ತವೂ ಉಂಟಾಯಿತು’ ಎಂದೇ ಇದೆ. ‘ಮೂಲಕ’ ಎಂಬ ಪದ ಎರಡೂ ಕಡೆಯವರ ಸೊತ್ತು. ಅದು ತೀರ್ಪು ಕೊಡುವುದಿಲ್ಲ, ಬಾಗಿಲು ತೆರೆಯುತ್ತದೆ ಅಷ್ಟೆ.

ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ನಡೆದ ಒಂದು ಪ್ರಸಂಗವಿದೆ. 1821ರ ಕಲ್ಕತ್ತ. ವಿಲಿಯಂ ಯೇಟ್ಸ್ ಮತ್ತು ವಿಲಿಯಂ ಆಡಂ ಎಂಬ ಇಬ್ಬರು ಬ್ಯಾಪ್ಟಿಸ್ಟ್ ಮಿಷನರಿಗಳು ಸುವಾರ್ತೆಗಳನ್ನು ಬಂಗಾಳಿಗೆ ತರಲು ರಾಮಮೋಹನ ರಾಯರ ನೆರವು ಪಡೆದಿದ್ದರು. ಅದಕ್ಕೆ ಹಿಂದಿನ ವರ್ಷವಷ್ಟೇ ರಾಯರು ಯೇಸುವಿನ ಉಪದೇಶಗಳನ್ನು ಮಾತ್ರ ಆಯ್ದು ಒಂದು ಪುಸ್ತಕ ಪ್ರಕಟಿಸಿ, ಶ್ರೀರಾಮಪುರದ ಮಿಷನರಿಗಳ ಕೋಪಕ್ಕೆ ಗುರಿಯಾಗಿದ್ದರು. ಅನುವಾದ ಯೋಹಾನನ ಮೊದಲ ಅಧ್ಯಾಯದ ಮೂರನೆಯ ವಚನಕ್ಕೆ ಬಂದು ನಿಂತಿತು. ಇಂಗ್ಲಿಷ್ ಬೈಬಲಿನಲ್ಲಿ ‘ಆತನಿಂದ’ ಎಂಬರ್ಥದ ಪದವಿತ್ತು. ಗ್ರೀಕಿನಲ್ಲಿರುವ ‘ದಿಯಾ’ಕ್ಕೆ ‘ಮೂಲಕ’ ಎಂಬುದೇ ಸರಿ ಎಂದು ಚರ್ಚೆಯಾಯಿತು. ಮೊದಲು ಒಪ್ಪಿದ ಯೇಟ್ಸ್, ಮುಂದಿನ ಬೈಠಕ್ಕಿನಲ್ಲಿ ಮಾತು ಬದಲಿಸಿ, ಹಾಗೆ ಬರೆದರೆ ಅರಿಯನ ಬೋಧನೆಗೆ ದಾರಿಯಾಗುತ್ತದೆ ಎಂದರು. ಇಬ್ಬರು ಬಿಳಿಯರು ವಾದಿಸುತ್ತಿದ್ದಷ್ಟು ಹೊತ್ತೂ ರಾಯರು ಕೈಯಲ್ಲಿ ಲೇಖನಿ ಹಿಡಿದು, ಎಲ್ಲವನ್ನೂ ಕೇಳುತ್ತ, ಒಂದು ಮಾತೂ ಆಡದೆ ಗಂಭೀರವಾಗಿ ಕುಳಿತಿದ್ದರಂತೆ. ಆಡಂ ಮುಂದೆ ನೆನಪಿಸಿಕೊಂಡು ಹೇಳಿದ ಚಿತ್ರ ಇದು. ಆ ಕೋಣೆಯಲ್ಲಿ ಅತಿ ಹೆಚ್ಚು ಮಾತಾಡಿದ್ದು ಆ ಮೌನವೇ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಯೇಟ್ಸ್ ಕೆಲಸ ಬಿಟ್ಟು ನಡೆದರು. ಆಡಂ ಅದೇ ವರ್ಷ, ತಂದೆ ಮಗ ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಯೈಕ್ಯವನ್ನು ಬಿಟ್ಟು ಯೂನಿಟೇರಿಯನ್ ಆದರು. ರಾಯರನ್ನು ಕ್ರೈಸ್ತರನ್ನಾಗಿ ಮಾಡಲು ಬಂದವರು ತಾವೇ ಬದಲಾದರು ಎಂದು ಕಲ್ಕತ್ತದ ಬಿಳಿಯರು ಹಾಸ್ಯ ಮಾಡಿದರು. ‘ಎರಡನೆಯ ಸಲ ಬಿದ್ದ ಆದಾಮ’ ಎಂಬ ಅಡ್ಡಹೆಸರೂ ಅಂಟಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಕಲ್ಕತ್ತ ಯೂನಿಟೇರಿಯನ್ ಸಮಿತಿ ಹುಟ್ಟಿತು. 1823ರಲ್ಲಿ ರಾಯರ ಕೊನೆಯ ಖಂಡನ ಗ್ರಂಥವನ್ನು ಬ್ಯಾಪ್ಟಿಸ್ಟರ ಅಚ್ಚುಕೂಟ ಮುದ್ರಿಸಲು ಒಪ್ಪದಿದ್ದಾಗ ಅವರು ತಮ್ಮದೇ ಅಚ್ಚುಕೂಟ ಹೂಡಿ ಮುದ್ರಿಸಿದರು. ಒಂದು ವಿಭಕ್ತಿಯ ಬೆಲೆ ಇಷ್ಟು.

ಹೆಚ್ಚು ಬಳಕೆಯಲ್ಲಿರುವ ಕನ್ನಡ ಬೈಬಲಿನಲ್ಲಿ ಆ ತಕರಾರಿಲ್ಲ. ನಮ್ಮಲ್ಲಿ ‘ಮೂಲಕ’ ಎಂದೇ ಇದೆ. ‘ಉಂಟಾಯಿತು’ ಎಂಬ ಕ್ರಿಯಾಪದವೂ ಬಲು ಚೊಕ್ಕವಾಗಿದೆ. ಗ್ರೀಕಿನ ‘ಎಗೆನೆಟೊ’ಗೆ ‘ಆಯಿತು’ ಎಂದರ್ಥ. ‘ಸೃಷ್ಟಿಸಿದನು’ ಎಂಬುದಕ್ಕೆ ಬೇರೆ ಕ್ರಿಯಾಪದವಿದೆ. ಆದರೆ ಕನ್ನಡದ ಅನುವಾದಕನಿಗೆ ಬೇರೊಂದು ಇಕ್ಕಟ್ಟಿದೆ, ಅದು ಲಿಂಗದ್ದು. ‘ವಾಕ್ಯ’ ನಮ್ಮಲ್ಲಿ ನಪುಂಸಕ. ‘ಆದಿಯಲ್ಲಿ ವಾಕ್ಯವಿತ್ತು’ ಎಂದು ಶುರುಮಾಡಿದವನು ಮೂರನೆಯ ವಚನಕ್ಕೆ ಬರುವಷ್ಟರಲ್ಲಿ ‘ಆತನ ಮೂಲಕ’ ಎನ್ನುತ್ತಾನೆ. ‘ಇತ್ತು’ ಎಂದದ್ದು ಎರಡು ಹೆಜ್ಜೆಯಲ್ಲಿ ‘ಆತನು’ ಆದದ್ದು ಹೇಗೆ? ಗ್ರೀಕಿನಲ್ಲಿ ‘ಲೋಗೊಸ್’ ವ್ಯಾಕರಣದ ಲೆಕ್ಕಕ್ಕೆ ಪುಲ್ಲಿಂಗ, ಆದ್ದರಿಂದ ಸರ್ವನಾಮವೂ ಪುಲ್ಲಿಂಗ. ಅದರಿಂದ ವಾಕ್ಯವು ಒಬ್ಬ ವ್ಯಕ್ತಿ ಎಂದಾಗುವುದಿಲ್ಲ. ಸಂಸ್ಕೃತದಲ್ಲಿ ಗ್ರಂಥ ಪುಲ್ಲಿಂಗ, ವಾಕ್ ಸ್ತ್ರೀಲಿಂಗ; ಅಷ್ಟಕ್ಕೆ ಗ್ರಂಥ ಗಂಡಸಾಗುವುದಿಲ್ಲ. ‘ಅದರ ಮೂಲಕ ಸಮಸ್ತವೂ ಉಂಟಾಯಿತು’ ಎಂದು ಬರೆದಿದ್ದರೂ ವ್ಯಾಕರಣ ತಪ್ಪುತ್ತಿರಲಿಲ್ಲ. ಇದು ಯೂನಿಟೇರಿಯನ್ನರ ಕುಯುಕ್ತಿಯೂ ಅಲ್ಲ. 1526ರಲ್ಲಿ ವಿಲಿಯಂ ಟಿಂಡೇಲ್ ತನ್ನ ಇಂಗ್ಲಿಷ್ ಹೊಸ ಒಡಂಬಡಿಕೆಯಲ್ಲಿ ‘ಅದರಿಂದ’ ಎಂದೇ ಬರೆದ. 1560ರ ಜಿನೀವಾ ಬೈಬಲಿನಲ್ಲೂ ಹಾಗೆಯೇ ಇತ್ತು. ಅವರೆಲ್ಲ ತ್ರಯೈಕ್ಯವನ್ನು ನಂಬಿದವರೇ. 1611ರ ಜೇಮ್ಸ್ ರಾಜನ ಬೈಬಲ್ ‘ಆತನಿಂದ’ ಎಂದು ಬರೆದ ಮೇಲೆ ಇಂಗ್ಲಿಷರ ಕಿವಿಗೆ ಬೇರೆಯದು ಹಿಡಿಸದಾಯಿತು.

‘ಅದು’ ಎಂದು ಓದುವವರದು ಮೂರು ಉತ್ತರಗಳಲ್ಲಿ ಒಂದು. ಇಂದಿನ ಬೈಬಲ್ ಯೂನಿಟೇರಿಯನ್ನರಲ್ಲಿ ಹೆಚ್ಚು ಜನ ಈ ಕಡೆಗೇ ಇದ್ದಾರೆ. ಅವರ ಪ್ರಕಾರ ಆದಿಯಲ್ಲಿ ಇದ್ದದ್ದು ದೇವರ ಮಾತು, ಆತನ ಜ್ಞಾನ, ಆತನ ಸಂಕಲ್ಪ. ಆದಿಕಾಂಡದಲ್ಲಿ ‘ಬೆಳಕಾಗಲಿ’ ಎಂದ ಮಾತು ಅದು. ಕೀರ್ತನೆ 33ರಲ್ಲಿ ಆಕಾಶವನ್ನು ಉಂಟುಮಾಡಿದ ಅಪ್ಪಣೆ ಅದು. ಜ್ಞಾನೋಕ್ತಿ 8ರಲ್ಲಿ ಜ್ಞಾನವೆಂಬಾಕೆ ‘ಆತನು ಆಕಾಶವನ್ನು ಸ್ಥಾಪಿಸುವಾಗ ನಾನು ಅಲ್ಲಿದ್ದೆನು’ ಎಂದು ಹೆಣ್ಣಿನ ದನಿಯಲ್ಲಿ ಹೇಳಿಕೊಳ್ಳುತ್ತಾಳೆ. ಹಾಗೆಂದು ದೇವರ ಪಕ್ಕದಲ್ಲಿ ಒಬ್ಬ ದೇವಿ ಕುಳಿತಿದ್ದಳು ಎಂದು ಯಾವ ಯೆಹೂದಿಯೂ ನಂಬಲಿಲ್ಲ. ನಾವು ಕನ್ನಡಮ್ಮ ಎನ್ನುತ್ತೇವೆ, ಅವಳಿಗೆ ಆರತಿ ಎತ್ತುತ್ತೇವೆ, ಅವಳ ವಿಳಾಸ ಕೇಳುವುದಿಲ್ಲ. ಯೆಹೂದಿ ಗುರುಗಳ ‘ಬೆರೆಶೀತ್ ರಬ್ಬಾ’ ಎಂಬ ವ್ಯಾಖ್ಯಾನ ಇಂಥದೇ ಉಪಮೆಯಿಂದ ತೆರೆದುಕೊಳ್ಳುತ್ತದೆ. ಅರಮನೆ ಕಟ್ಟಿಸುವ ರಾಜ ಒಬ್ಬ ಕುಶಲಿಯನ್ನು ಕರೆಸುತ್ತಾನೆ, ಆ ಕುಶಲಿ ಕೋಣೆ ಕಿಂಡಿಗಳನ್ನು ಗುರುತಿಸಿದ ನಕ್ಷೆ ನೋಡಿ ಕಟ್ಟುತ್ತಾನೆ. ಹಾಗೆಯೇ ದೇವರು ತೋರಾವನ್ನು, ಅಂದರೆ ಧರ್ಮಶಾಸ್ತ್ರವನ್ನು, ನೋಡಿ ಲೋಕವನ್ನು ಸೃಷ್ಟಿಸಿದ. ಈ ಬಣದವರಿಗೆ ಯೋಹಾನನ ‘ವಾಕ್ಯ’ ಅಂಥ ನಕ್ಷೆ. ಹದಿನಾಲ್ಕನೆಯ ವಚನದಲ್ಲಿ ‘ವಾಕ್ಯವು ಮನುಷ್ಯನಾಯಿತು’ ಎಂದಾಗ ನಕ್ಷೆ ಮನೆಯಾಯಿತು, ಸಂಕಲ್ಪಕ್ಕೆ ಒಂದು ಮೈ ಸಿಕ್ಕಿತು, ಆ ಮೈಯ ಹೆಸರು ಯೇಸು. ಹಾಗಾಗಿ ಸೃಷ್ಟಿಯಲ್ಲಿ ಯೇಸು ಇದ್ದನೆ ಎಂದು ಕೇಳಿದರೆ, ದೇವರ ಮನಸ್ಸಿನಲ್ಲಿ ಇದ್ದ, ಪಕ್ಕದಲ್ಲಿ ಅಲ್ಲ ಎನ್ನುತ್ತಾರೆ. ನಾನು ಈ ಓದನ್ನು ಒಪ್ಪುವುದಿಲ್ಲ, ಆದರೆ ಇದರ ಸೊಗಸನ್ನು ಅಲ್ಲಗಳೆಯಲಾರೆ. ಒಪ್ಪದಿರಲು ಕಾರಣ ಯೋಹಾನ 17:5. ಲೋಕ ಉಂಟಾಗುವುದಕ್ಕೆ ಮೊದಲು ನಿನ್ನ ಬಳಿ ನನಗಿದ್ದ ಮಹಿಮೆ ಎಂದು ಯೇಸು ಪ್ರಾರ್ಥಿಸುತ್ತಾನೆ. ನಕ್ಷೆಗೆ ಅಂಥ ನೆನಪಿರುವುದಿಲ್ಲ. ಅದು ದೇವರು ಮೊದಲೇ ಗೊತ್ತುಮಾಡಿ ಇಟ್ಟಿದ್ದ ಮಹಿಮೆ ಎಂದು ಅವರು ವಿವರಿಸುತ್ತಾರೆ. ವಿವರಣೆ ನಿಲ್ಲುತ್ತದೆ, ಕುಂಟುತ್ತ ನಿಲ್ಲುತ್ತದೆ.

ಎರಡನೆಯ ಉತ್ತರ ಇಟಲಿಯ ಸಿಯೆನಾದಿಂದ ಹೊರಟು ಪೋಲೆಂಡಿನಲ್ಲಿ ಬೇರುಬಿಟ್ಟದ್ದು. ಲೇಲಿಯೊ ಸೊಜ್ಜೀನಿ ಮತ್ತು ಅವನ ಅಣ್ಣನ ಮಗ ಫಾಸ್ಟೊ ಸೊಜ್ಜೀನಿ 1560ರ ಸುಮಾರಿಗೆ ಯೋಹಾನನ ಮೊದಲ ಅಧ್ಯಾಯಕ್ಕೆ ಹೊಸ ಅರ್ಥ ಬರೆದರು. ಅವರು ‘ಮೂಲಕ’ದ ತಂಟೆಗೇ ಹೋಗಲಿಲ್ಲ. ಅವರು ಕೇಳಿದ್ದು, ಇಲ್ಲಿ ಉಂಟಾದದ್ದು ಯಾವ ಲೋಕ? ‘ಆದಿಯಲ್ಲಿ’ ಎಂದರೆ ಆದಿಕಾಂಡದ ಆದಿಯಲ್ಲ, ಸುವಾರ್ತೆಯ ಆದಿ ಎಂದರು. ಮಾರ್ಕನು ಕೂಡ ‘ಸುವಾರ್ತೆಯ ಪ್ರಾರಂಭ’ ಎಂದೇ ತೊಡಗುತ್ತಾನೆ. ಯೋಹಾನನ ಮೊದಲ ಪತ್ರದ ‘ಆದಿಯಿಂದ ಇದ್ದದ್ದು’ ಎಂಬುದನ್ನು ಶಿಷ್ಯರು ಕಣ್ಣಾರೆ ಕಂಡು ಕೈಯಾರೆ ಮುಟ್ಟಿದ್ದರು. ಹಾಗಾದರೆ ‘ಸಮಸ್ತವೂ’ ಎಂದರೆ ಸೂರ್ಯಚಂದ್ರರಲ್ಲ. ಕ್ರಿಸ್ತನ ಬೋಧನೆಯಿಂದ ಹೊಸದಾಗಿ ಹುಟ್ಟಿದ ಜನ, ಹೊಸ ವ್ಯವಸ್ಥೆ, ನೂತನ ಸೃಷ್ಟಿ. 1605ರಲ್ಲಿ ಪೋಲೆಂಡಿನ ರಾಕುವ್ ಊರಿನಿಂದ ಪೋಲಿಷ್ ಭಾಷೆಯಲ್ಲಿ ಹೊರಬಂದ ಪ್ರಶ್ನೋತ್ತರ ಮಾಲೆ ಈ ಬೋಧನೆಯನ್ನು ಯೂರೋಪಿಗೆಲ್ಲ ಹಬ್ಬಿಸಿತು. ಅದರ ಲ್ಯಾಟಿನ್ ಆವೃತ್ತಿ 1652ರಲ್ಲಿ ಲಂಡನ್ನಿನಲ್ಲಿ ಪಾರ್ಲಿಮೆಂಟಿನ ಆಜ್ಞೆಯಂತೆ ಬೆಂಕಿಗೆ ಬಿತ್ತು. ಅದನ್ನು ಅಚ್ಚುಮಾಡಲು ಪರವಾನಗಿ ಕೊಟ್ಟಿದ್ದವನು ಕವಿ ಮಿಲ್ಟನ್. ಅವನ ಸ್ವಂತ ದೇವಶಾಸ್ತ್ರದ ಹಸ್ತಪ್ರತಿ 1823ರಲ್ಲಿ ಸಿಕ್ಕಿದಾಗ ಅವನೂ ಮಗನನ್ನು ತಂದೆಗೆ ಸಮಾನನೆಂದು ಒಪ್ಪಿರಲಿಲ್ಲ ಎಂದು ಗೊತ್ತಾಯಿತು.

ಈ ಓದಿಗೆ ಯೋಹಾನನಿಗಿಂತ ಪೌಲ ಹೆಚ್ಚು ಒತ್ತಾಸೆ ಕೊಡುತ್ತಾನೆ. ನೀವು ತೋರಿಸಿದ ಕೊಲೊಸ್ಸೆ 1:16ನ್ನು ನಿಧಾನವಾಗಿ ಓದಿ. ಭೂಪರಲೋಕಗಳಲ್ಲಿರುವ ಎಲ್ಲವೂ ಎಂದ ಮೇಲೆ ಪೌಲ ಉದಾಹರಣೆ ಕೊಡುತ್ತಾನೆ: ಸಿಂಹಾಸನಗಳು, ಪ್ರಭುತ್ವಗಳು, ದೊರೆತನಗಳು, ಅಧಿಕಾರಗಳು. ಬೆಟ್ಟವಿಲ್ಲ, ಕಡಲಿಲ್ಲ, ನಕ್ಷತ್ರವಿಲ್ಲ, ಒಂದು ಮೀನೂ ಇಲ್ಲ. ಆಕಾಶ ಭೂಮಿಗಳ ಸೃಷ್ಟಿಯ ಬಗ್ಗೆ ಹೇಳುವ ಯೆಹೂದಿ ಹೀಗೆ ಪಟ್ಟಿ ಮಾಡುವುದಿಲ್ಲ. ಕೀರ್ತನೆ 104ನ್ನು ಬೇಕಾದರೆ ತೆರೆದು ನೋಡಿ, ಅಲ್ಲಿ ಕಾಡುಕತ್ತೆಗೂ ಕೊಕ್ಕರೆಗೂ ಜಾಗವಿದೆ. ಪೌಲನ ಪಟ್ಟಿ ಆಡಳಿತದ ಪಟ್ಟಿ. ಅದಕ್ಕೇ ಸೊಜ್ಜೀನಿಯ ಹಿಂಬಾಲಕರು, ಪುನರುತ್ಥಾನದ ನಂತರ ಕ್ರಿಸ್ತನು ದೇವರ ಬಲಗಡೆಯಲ್ಲಿ ಕುಳಿತಾಗ ಪರಲೋಕದಲ್ಲೂ ಭೂಲೋಕದಲ್ಲೂ ಅಧಿಕಾರಗಳೆಲ್ಲ ಆತನ ಕೆಳಗೆ ಹೊಸದಾಗಿ ಏರ್ಪಟ್ಟವು, ಪೌಲ ಹೇಳುವುದು ಅದನ್ನೇ ಎನ್ನುತ್ತಾರೆ. ನಾಲ್ಕು ವಚನ ಕಳೆದು ‘ಭೂಲೋಕದಲ್ಲಿರುವವುಗಳಾಗಲಿ ಪರಲೋಕದಲ್ಲಿರುವವುಗಳಾಗಲಿ’ ಎಂಬ ಅದೇ ಮಾತು ಮತ್ತೆ ಬರುತ್ತದೆ. ಆಗ ಅವುಗಳನ್ನು ಸೃಷ್ಟಿಸಿದ ಮಾತಿಲ್ಲ, ದೇವರೊಂದಿಗೆ ಸಮಾಧಾನಪಡಿಸಿದ ಮಾತಿದೆ. ಬೆಟ್ಟದೊಡನೆ ಯಾರೂ ರಾಜಿ ಮಾಡಿಕೊಳ್ಳುವುದಿಲ್ಲ. ಎಫೆಸದವರಿಗೆ 2:15ರಲ್ಲಿ ಪೌಲ ‘ಸೃಷ್ಟಿಸು’ ಎಂಬ ಕ್ರಿಯಾಪದವನ್ನೇ ಬಳಸಿ, ಯೆಹೂದ್ಯರನ್ನೂ ಅನ್ಯಜನರನ್ನೂ ಕೂಡಿಸಿ ಕ್ರಿಸ್ತನು ತನ್ನಲ್ಲಿ ಒಬ್ಬ ಹೊಸ ಮನುಷ್ಯನನ್ನು ಸೃಷ್ಟಿಸಿದ ಎನ್ನುತ್ತಾನೆ. ಆದ್ದರಿಂದ ಆ ಪದಕ್ಕೆ ಅಂಥ ಅರ್ಥ ಪೌಲನಲ್ಲಿ ಇಲ್ಲದಿಲ್ಲ. ‘ಸೃಷ್ಟಿಗೆಲ್ಲ ಜ್ಯೇಷ್ಠಪುತ್ರ’ ಎಂಬ ಮಾತಿಗೂ ಅವರಲ್ಲಿ ಉತ್ತರವಿದೆ. ಕೀರ್ತನೆ 89ರಲ್ಲಿ ದೇವರು ದಾವೀದನನ್ನು ಜ್ಯೇಷ್ಠನನ್ನಾಗಿ ಮಾಡುವೆನು ಎನ್ನುತ್ತಾನೆ. ದಾವೀದನೋ ಇಷಯನ ಮನೆಯ ಕಡೆಯ ಮಗ, ಕುರಿ ಕಾಯಲು ಕಳುಹಿಸಿದ್ದ ಹುಡುಗ. ಅಲ್ಲಿ ಜ್ಯೇಷ್ಠತನ ಹುಟ್ಟಿನ ಸರದಿಯಲ್ಲ, ಪಟ್ಟ.

ಕೊಲೊಸ್ಸೆಯ ಮಟ್ಟಿಗೆ ಈ ಓದು ನಾನು ಮೊದಲು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ‘ಆತನು ಎಲ್ಲದಕ್ಕೂ ಮೊದಲೇ ಇದ್ದಾನೆ’ ಎಂಬ ಹದಿನೇಳನೆಯ ವಚನ ಮಾತ್ರ ಇದಕ್ಕೆ ಬಗ್ಗುವುದಿಲ್ಲ; ಮೊದಲೆಂದರೆ ಕಾಲದಲ್ಲಲ್ಲ, ಸ್ಥಾನದಲ್ಲಿ ಎಂದು ಅವರು ಹೇಳಿಕೊಳ್ಳಬೇಕಾಗುತ್ತದೆ. ಯೋಹಾನನ ವಿಷಯದಲ್ಲಿ ಇದೇ ಓದು ನೂಲು ಕಡಿಯುವಷ್ಟು ಎಳೆದದ್ದು. 1:10ರಲ್ಲಿ ಲೋಕವು ಆತನ ಮೂಲಕ ಉಂಟಾಯಿತು, ಆದರೂ ಲೋಕವು ಆತನನ್ನು ಅರಿಯಲಿಲ್ಲ ಎಂದಿದೆ. ಉಂಟಾದದ್ದು ಕ್ರಿಸ್ತನ ಬೋಧನೆಯಿಂದ ಹುಟ್ಟಿದ ಹೊಸ ಜನವೇ ಆದರೆ ಆ ಜನ ಆತನನ್ನು ಅರಿಯದೆ ಹೋದದ್ದು ಹೇಗೆ? ಇಂಥ ಕಡೆ ಫಾಸ್ಟೊ ಬಹಳ ಬೆವರಿದ್ದಾನೆ. ‘ಪರಲೋಕದಿಂದ ಇಳಿದು ಬಂದವನು’ ಎಂಬ ಮಾತುಗಳಿಗೆ ಉತ್ತರ ಹುಡುಕುತ್ತ ಅವನು, ಯೇಸು ಉಪದೇಶಕ್ಕೆ ತೊಡಗುವ ಮೊದಲು ಒಮ್ಮೆ ಪರಲೋಕಕ್ಕೆ ಹೋಗಿ ದೇವರಿಂದ ಪಾಠ ಕೇಳಿ ಬಂದಿದ್ದ ಎಂದೂ ಬರೆದ. ಸುವಾರ್ತೆಯಲ್ಲಿ ಅಂಥ ಒಂದು ಸಾಲೂ ಇಲ್ಲ. ಮುಂದಿನ ಯೂನಿಟೇರಿಯನ್ನರೇ ಅದನ್ನು ಸದ್ದಿಲ್ಲದೆ ಕೈಬಿಟ್ಟರು.

ಮೂರನೆಯ ಉತ್ತರ ಎಲ್ಲಕ್ಕಿಂತ ಹಳೆಯದು, ಹೇಳಲು ಸುಲಭವಾದದ್ದು. ಅಲೆಕ್ಸಾಂಡ್ರಿಯದ ಅರಿಯನು ಹೇಳಿದಂತೆ ಮಗನು ದೇವರ ಮೊದಲ ಸೃಷ್ಟಿ, ಅವನನ್ನು ಕೈಯಾಗಿಟ್ಟುಕೊಂಡು ದೇವರು ಉಳಿದದ್ದನ್ನೆಲ್ಲ ಮಾಡಿದ. ಇವರಿಗೆ ‘ಮೂಲಕ’ ಬೇಕೇ ಬೇಕು, ಯೋಹಾನನ ‘ಆತನು’ ಕೂಡ ಬೇಕು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ರಿಚರ್ಡ್ ಪ್ರೈಸ್ ಈ ದಿಕ್ಕಿನವನು. ಅವನ ಗೆಳೆಯ, ಆಮ್ಲಜನಕವನ್ನು ಬೇರ್ಪಡಿಸಿದ ರಸಾಯನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ, ಯೇಸು ನಮ್ಮ ನಿಮ್ಮಂಥ ಮನುಷ್ಯ, ಹುಟ್ಟುವ ಮೊದಲು ಅವನಿಗೆ ಅಸ್ತಿತ್ವವಿರಲಿಲ್ಲ ಎಂದವನು. ಇಬ್ಬರೂ ಯೂನಿಟೇರಿಯನ್ನರ ಸಾಲಿನಲ್ಲೇ ನಿಲ್ಲುತ್ತಾರೆ, ಇಬ್ಬರ ನಡುವೆ ಈ ವಿಷಯದಲ್ಲಿ ಇದ್ದ ಅಂತರ ನಮಗೂ ಅರಿಯನಿಗೂ ಇರುವುದಕ್ಕಿಂತ ಕಡಿಮೆಯೇನಲ್ಲ. ನಿಮ್ಮ ಮನೆಗೆ ಕನ್ನಡ ಪತ್ರಿಕೆ ಹಿಡಿದು ಬರುವ ಯೆಹೋವನ ಸಾಕ್ಷಿಗಳು ಯೂನಿಟೇರಿಯನ್ ಎಂಬ ಹೆಸರನ್ನು ಬಳಸುವುದಿಲ್ಲ, ಆದರೆ ಅವರ ಉತ್ತರ ಇದೇ. ಅವರ ಇಂಗ್ಲಿಷ್ ಬೈಬಲಿನಲ್ಲಿ ಕೊಲೊಸ್ಸೆ 1:16ರಲ್ಲಿ ‘ಬೇರೆ ಎಲ್ಲವೂ’ ಎಂದಿದೆ. ಆ ‘ಬೇರೆ’ ಗ್ರೀಕಿನಲ್ಲಿಲ್ಲ. ಹಿಂದಿನ ಕೆಲವು ಆವೃತ್ತಿಗಳಲ್ಲಿ ಅದನ್ನು ಕಂಸದಲ್ಲಿ ಇಡುತ್ತಿದ್ದರು, 2013ರ ಪರಿಷ್ಕರಣೆಯಲ್ಲಿ ಕಂಸವೂ ಹೋಯಿತು. ಇದು ನನಗೆ ಸೇರುವುದಿಲ್ಲ. ಅರ್ಥ ಬಿಡಿಸುವುದು ವ್ಯಾಖ್ಯಾನಕಾರನ ಕೆಲಸ, ಪದ ಸೇರಿಸುವುದು ಅನುವಾದಕನ ಕೆಲಸವಲ್ಲ.

ಯೆಶಾಯನ ‘ಒಬ್ಬನೇ’ ಎಂಬ ಮಾತು ತ್ರಯೈಕ್ಯದವರಿಗಿಂತ ಅರಿಯನ ಕಡೆಯವರಿಗೇ ಹೆಚ್ಚು ಇರಿಯುತ್ತದೆ ಎಂಬುದನ್ನು ನಿಮ್ಮ ಸ್ನೇಹಿತರಿಗೆ ತೋರಿಸಬಹುದು. ಮಗನು ದೇವರಲ್ಲೇ ಸೇರಿದವನಾದರೆ ‘ಒಬ್ಬನೇ’ ಎಂಬುದಕ್ಕೆ ಭಂಗವಿಲ್ಲ. ಮಗನು ಬೇರೊಬ್ಬ ವ್ಯಕ್ತಿ, ಸೃಷ್ಟಿಯಲ್ಲಿ ಕೈಜೋಡಿಸಿದವನು ಎಂದರೆ ‘ಒಬ್ಬನೇ’ ಎಲ್ಲಿ ಉಳಿಯಿತು?

ಇನ್ನು ಎರಡು ವಚನಗಳು. ಕೊರಿಂಥದವರಿಗೆ ಬರೆದ ಮೊದಲ ಪತ್ರ 8:6 ಯೂನಿಟೇರಿಯನ್ನರ ಕೈಯಲ್ಲಿರುವ ಅತ್ಯುತ್ತಮ ವಚನ. ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿನ್ನಬಹುದೆ ಎಂಬ ಜಗಳದ ನಡುವೆ ಪೌಲ, ನಮಗೆ ಒಬ್ಬನೇ ದೇವರು, ಆತನು ತಂದೆ, ಸಮಸ್ತವೂ ಆತನಿಂದ. ಒಬ್ಬನೇ ಕರ್ತನು, ಯೇಸು ಕ್ರಿಸ್ತ, ಸಮಸ್ತವೂ ಆತನ ಮೂಲಕ ಎಂದು ಬರೆದ. ಇಲ್ಲಿ ‘ಎಕ್’ (ಮಣ್ಣೆಂಬ ಅರ್ಥದಲ್ಲಲ್ಲ, ಮೂಲವೆಂಬ ಅರ್ಥದಲ್ಲಿ) ಮತ್ತು ‘ದಿಯಾ’ ಅಕ್ಕಪಕ್ಕದಲ್ಲಿ, ಒಬ್ಬೊಬ್ಬರಿಗೆ ಒಂದೊಂದರಂತೆ ನಿಂತಿವೆ. ‘ಒಬ್ಬನೇ ದೇವರು’ ಎಂಬ ಬಿರುದು ಯಾರಿಗೆ ಸಂದಿದೆ ಎಂಬುದೂ ಸ್ಪಷ್ಟ. ಇಸ್ರಾಯೇಲಿನ ‘ದೇವರಾದ ಕರ್ತನು ಒಬ್ಬನೇ’ ಎಂಬ ಮೂಲ ಘೋಷಣೆಯನ್ನು ಪೌಲ ತಂದೆಗೂ ಮಗನಿಗೂ ಹಂಚಿದ್ದಾನೆ, ಆದ್ದರಿಂದ ಮಗನೂ ಆ ಒಬ್ಬ ದೇವರೊಳಗೇ ಸೇರುತ್ತಾನೆ ಎಂದು ನಮ್ಮವರು ಉತ್ತರಿಸುತ್ತಾರೆ. ನನಗೂ ಹಾಗೆಯೇ ತೋರುತ್ತದೆ. ಆದರೆ ಈ ವಚನವನ್ನು ಮೊದಲ ಸಲ ಓದುವ ಹಳ್ಳಿಯ ಹುಡುಗನಿಗೆ ಹಾಗೆ ತೋರುವುದಿಲ್ಲ ಎಂಬುದೂ ನನಗೆ ಗೊತ್ತು.

ಅವರಿಗೆ ಅತಿ ಕಷ್ಟದ ವಚನ ಇಬ್ರಿಯರಿಗೆ 1:10. ‘ಕರ್ತನೇ, ನೀನು ಆದಿಯಲ್ಲಿ ಭೂಮಿಗೆ ಅಸ್ತಿವಾರ ಹಾಕಿದಿ, ಆಕಾಶವು ನಿನ್ನ ಕೈಕೆಲಸ’ ಎಂಬ ಕೀರ್ತನೆ 102ರ ಸಾಲನ್ನು ಪತ್ರದ ಲೇಖಕ ಮಗನಿಗೆ ಹೇಳಿದ್ದೆಂದು ಉದ್ಧರಿಸುತ್ತಾನೆ. ಇಲ್ಲಿ ‘ಮೂಲಕ’ದ ಆಸರೆ ಇಲ್ಲ, ಸಿಂಹಾಸನಗಳ ಪಟ್ಟಿಯ ಆಸರೆಯೂ ಇಲ್ಲ. ಭೂಮಿ, ಆಕಾಶ, ಕೈಕೆಲಸ, ಎಲ್ಲವೂ ನೇರ. ಕೆಲವರು ಆ ಸಾಲು ಮಗನಿಗಲ್ಲ, ತಂದೆಗೇ ಹೇಳಿದ್ದು ಎನ್ನುತ್ತಾರೆ. ಇನ್ನು ಕೆಲವರು 2:5ರ ‘ನಾವು ಪ್ರಸ್ತಾಪಿಸುತ್ತಿರುವ ಮುಂಬರುವ ಲೋಕ’ ಎಂಬ ಮಾತನ್ನು ತೋರಿಸಿ, ಇದು ಕೂಡ ಹೊಸ ಆಕಾಶ, ಹೊಸ ಭೂಮಿಯ ವಿಷಯ ಎನ್ನುತ್ತಾರೆ. ಆದರೆ ಮುಂದಿನ ಸಾಲಿನಲ್ಲಿ ಆ ಆಕಾಶ ಭೂಮಿಗಳು ಬಟ್ಟೆಯಂತೆ ಹಳೆಯದಾಗಿ ಹೋಗುತ್ತವೆ ಎಂದಿದೆ. ಹೊಸ ಲೋಕವೇ ಹಳತಾಗಿ ಹೋಗುವುದಾದರೆ ಅದಕ್ಕಾಗಿ ಕಾಯುವುದೇಕೆ? ಇದೇ ಅಧ್ಯಾಯದ ಎರಡನೆಯ ವಚನದಲ್ಲಿ ಮಗನ ಮೂಲಕ ದೇವರು ಉಂಟುಮಾಡಿದ್ದು ‘ಐಯೋನ್’ಗಳನ್ನು, ಅಂದರೆ ಯುಗಗಳನ್ನು, ಲೋಕಗಳನ್ನಲ್ಲ ಎಂದು ಅವರು ಹೇಳುವುದು ಪದಾರ್ಥದ ಮಟ್ಟಿಗೆ ನಿಜ. ಹತ್ತನೆಯ ವಚನಕ್ಕೆ ಆ ಸೌಲಭ್ಯ ಇಲ್ಲ.

ಆದಿಕಾಂಡ 1:26ರ ‘ಉಂಟುಮಾಡೋಣ’ ಎಂಬ ಬಹುವಚನವನ್ನು ಹಿಡಿದು ವಾದಕ್ಕೆ ಹೋಗಬೇಡಿ. ಅದು ಪರಲೋಕದ ಸಭೆಯಲ್ಲಿ ದೇವದೂತರ ಎದುರಿಗೆ ಆಡಿದ ಮಾತು ಎಂದು ಅವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ, ಮುಂದಿನ ವಚನದಲ್ಲಿ ‘ಸೃಷ್ಟಿಸಿದನು’ ಎಂಬ ಏಕವಚನವನ್ನೂ ತೋರಿಸುತ್ತಾರೆ. ಆ ಚರ್ಚೆಯಲ್ಲಿ ನೀವು ಗೆಲ್ಲುವುದಿಲ್ಲ.

ಮುಂದಿನ ಸಲ ಅವರು ಮನೆಗೆ ಬಂದಾಗ ಯೋಹಾನ 1:3ನ್ನು ತೆರೆಯುವ ಬದಲು ಒಂದು ಪ್ರಶ್ನೆ ಕೇಳಿ: ಮರಿಯಳ ಮಗನಾಗಿ ಹುಟ್ಟುವ ಮೊದಲು ಯೇಸು ಇದ್ದನೆ? ‘ಇದ್ದ’ ಎಂದರೆ ಅವರು ಅರಿಯನ ಕಡೆಯವರು, ಯೆಶಾಯ 44:24ನ್ನು ಮುಂದಿಡಿ. ‘ಇರಲಿಲ್ಲ, ದೇವರ ಸಂಕಲ್ಪದಲ್ಲಿ ಇದ್ದ’ ಎಂದರೆ ಯೋಹಾನ 17:5ನ್ನು ಓದಿಸಿ. ‘ಆ ಅಧ್ಯಾಯಗಳು ಹೊಸ ಸೃಷ್ಟಿಯ ಬಗ್ಗೆ’ ಎಂದರೆ ಇಬ್ರಿಯರಿಗೆ 1:10ರಿಂದ 12ರವರೆಗೆ ಒಟ್ಟಿಗೆ ಓದಿ, ಹಳತಾಗುವ ಬಟ್ಟೆ ಯಾವುದು ಎಂದು ಕೇಳಿ. ಅವರು ಕೂಡ ನಿಮಗೊಂದು ಪ್ರಶ್ನೆ ಇಡುತ್ತಾರೆ, ಬಹುಶಃ ಕೊರಿಂಥದ ಪತ್ರದಿಂದ. ಅದಕ್ಕೆ ಉತ್ತರವನ್ನು ಈಗಿನಿಂದಲೇ ಯೋಚಿಸಿಟ್ಟುಕೊಳ್ಳಿ.